ಪ್ರತಿ ವರ್ಷ ಇರೋದೇ ಅಂದವರು

ನಮ್ಮ ಮೊಮ್ಮಗಳು ಖಾಕಿ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ ದಿನ ನಾನು ರಾಗಿ ಕೇರುತ್ತಾ ಕೂತಿದ್ದೆ. ಮೊರ ಕೈಜಾರಿ ರಾಗಿಯೆಲ್ಲ ಅಂಗಳದ ಪಾಲಾಯಿತು. ಕೋಳಿಗಳು ಎಲ್ಲಿದ್ದವೋ, ಓಡಿ ಬಂದವು. ನಾನು ಓಡಿಸಲಿಲ್ಲ. ತಿನ್ನಲಿ, ಇವತ್ತು ಅವಕ್ಕೂ ಹಬ್ಬ ಅಂದುಕೊಂಡೆ. ಹೆಗಲ ಮೇಲೆ ಪಟ್ಟಿ, ಸೊಂಟಕ್ಕೆ ಅಗಲದ ಬೆಲ್ಟು, ಕಾಲಿಗೆ ಬೂಟು. ನನ್ನ ಸೆರಗು ಹಿಡಿದುಕೊಂಡು ಕಣದ ತುಂಬ ಓಡಾಡಿದ ಹುಡುಗಿ ಇವಳೇನಾ ಅಂತ ನೋಡುತ್ತಲೇ ಇದ್ದೆ.

"ಅವ್ವಾ, ಹೆಂಗಿದೀನಿ?" ಅಂದಳು. ನಮ್ಮ ಕಡೆ ಮನೆಮಾತಿನಲ್ಲಿ ತೆಲುಗೂ ಕನ್ನಡವೂ ಕಲಸಿಕೊಂಡೇ ಇರುತ್ತವೆ. ಅಜ್ಜಿಯನ್ನು ಅವ್ವ ಅನ್ನುವುದು.

"ಕಲೆಕ್ಟರ್ ಥರ ಇದೀಯ ಕಣೇ."

"ಕಲೆಕ್ಟರು ಬೂಟು ಹಾಕ್ಕೊಂಡು ಬೆಟ್ಟ ಹತ್ತಲ್ಲ ಅವ್ವಾ. ನಾನು ಗಾರ್ಡು. ಫಾರೆಸ್ಟ್ ಗಾರ್ಡು."

"ಗಾರ್ಡೇ ಆಗಿರು. ಬೆಟ್ಟ ಹತ್ತದ ಕಲೆಕ್ಟರ್ ಯಾರಿಗೆ ಬೇಕು?"

ಕೈ ಹಿಡಿದುಕೊಂಡು ಬೀದಿಗೆ ಹೊರಟೇಬಿಟ್ಟೆ. ಹಾಲಿನ ಡೇರಿ ಹತ್ತಿರ ನಿಲ್ಲಿಸಿದೆ, ಸೊಸೈಟಿ ಅಂಗಡಿ ಮುಂದೆ ನಿಲ್ಲಿಸಿದೆ, ಗುಡಿ ಕಟ್ಟೆಯ ಮೇಲೆ ಕೂತ ಗಂಡಸರ ಮುಂದಂತೂ ಬೇಕೆಂದೇ ಎರಡು ಸಲ ಹಾಯಿಸಿದೆ. ಮೊಮ್ಮಗಳು ನಾಚಿಕೆಯಿಂದ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ನಾನು ಟೋಪಿ ಸರಿಸಿ ಮುಖ ತೋರಿಸಿದೆ. ಎದುರು ಮನೆಯಲ್ಲಿ ನನ್ನ ಓರಗಿತ್ತಿ ಇದ್ದಾಳೆ, ನನ್ನ ಮೈದುನನ ಹೆಂಡತಿ. ಅವಳು ಕೊಟ್ಟಿಗೆಯಿಂದಲೇ ಕೂಗಿದಳು.

"ಅಕ್ಕಾ, ಇನ್ನು ಸೌದೆಗೆ ಹೋದ್ರೆ ನಿನ್ನನ್ನ ಮೊದ್ಲು ಹಿಡಿದಾಕ್ತಾಳೆ ನೋಡು!"

"ಹಿಡೀಲಿ ಬಿಡೇ. ಬೇರೆಯವರು ಹಿಡಿಯೋಕಿಂತ ಮನೆಯವಳು ಹಿಡಿಯೋದು ಮೇಲು!"

ಅವಳು ಆಡಿಕೊಂಡಿದ್ದರಲ್ಲಿ ಅರ್ಥವಿತ್ತು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಬೆಟ್ಟದ ಮೇಲೆ ಒಬ್ಬ ಗಾರ್ಡು ನನ್ನ ಕುಡುಗೋಲು, ಹಗ್ಗ ಎರಡನ್ನೂ ಕಿತ್ತುಕೊಂಡು ಬರಿಗೈಯಲ್ಲಿ ಕಳಿಸಿದ್ದ. ಮನೆಗೆ ಬಂದರೆ ಅತ್ತೆಯ ಬೈಗುಳ ಬೇರೆ. ಆಮೇಲೆ ಎಷ್ಟೋ ವರ್ಷ ಖಾಕಿ ಕಂಡರೆ ಸಾಕು, ಪೊದೆಯ ಹಿಂದೆ ಅಡಗಿಕೊಳ್ಳುತ್ತಿದ್ದವಳು ನಾನು. ಈಗ ಅದೇ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದು ಗೂಟಕ್ಕೆ ನೇತುಹಾಕುತ್ತೇನೆ! ಗುಂಡಿ ಒಂದೊಂದನ್ನೂ ಸೆರಗಿನಲ್ಲಿ ಒರೆಸುತ್ತೇನೆ. ವೇಮಗಲ್ ಫ್ಯಾಕ್ಟರಿಗೆ ಹೋಗಿ ಬರುವ ನನ್ನ ಮಗನಿಗೆ ಮಾತ್ರ ಇದು ಅಷ್ಟಾಗಿ ಸೇರಲಿಲ್ಲ. "ಡಿಗ್ರಿ ಓದ್ಸಿದ್ದು ಕಲ್ಲುಗುಡ್ಡ ಸುತ್ತೋಕಾ?" ಅಂದ. "ನೀನು ದಿನಾ ಮೆಷಿನ್ ಸುತ್ತ ಸುತ್ತಲ್ವೇನೋ? ಅವಳು ಗಾಳಿ ಬೆಳಕಲ್ಲಿ ಸುತ್ತುತ್ತಾಳೆ" ಅಂದೆ.

ಇಷ್ಟು ಸಂತೋಷ ಇಟ್ಟುಕೊಂಡ ಮುದುಕಿಗೆ ಇಷ್ಟು ಸಿಟ್ಟು ಯಾಕೆ ಅಂತ ಊರಲ್ಲಿ ಕೇಳುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬಾಯಲ್ಲಿ ಹೇಳುವುದಕ್ಕೆ ಹೋದರೆ ಕೂಗಾಡಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರು ಶ್ರೀನಿವಾಸಪುರ ತಾಲ್ಲೂಕಿನದು. ಬೆನ್ನಿಗೆ ಬೆಟ್ಟ, ಬೆಟ್ಟದ ಬುಡದಲ್ಲಿ ಮಾವಿನ ತೋಪುಗಳು. ಬೆಟ್ಟದ ತುದಿಗೆ ಹೋದರೆ ಮುಳಬಾಗಿಲು ಕಡೆಯ ಗುಡ್ಡಗಳೆಲ್ಲ ಕಾಣುತ್ತವೆ. ನಮ್ಮ ಬೆಟ್ಟದಲ್ಲಿ ಆಕಾಶ ಮುಟ್ಟುವ ಮರಗಳಿಲ್ಲ. ತಂಗಡಿ, ಬಂದರೆ, ಕಾರೆ, ಸೀತಾಫಲ, ಅಲ್ಲಲ್ಲಿ ಕಗ್ಗಲಿ ಮರ, ಎದೆಮಟ್ಟ ಬೆಳೆಯುವ ಬಾದೆ ಹುಲ್ಲು. ಆ ಪೊದೆಗಳೊಳಗೆ ನವಿಲು, ಮೊಲ, ಗೌಜಲ ಹಕ್ಕಿ. ಬೆನ್ನ ಮೇಲೆ ನಕ್ಷತ್ರ ಬರೆದಂತಿರುವ ಆಮೆಗಳೂ ಇವೆ. ಸಂಕ್ರಾಂತಿ ಕಳೆದು ಹುಲ್ಲು ಒಣಗಿತೋ ಇಲ್ಲವೋ, ಯಾರೋ ಒಂದು ಕಡ್ಡಿ ಗೀರುತ್ತಾರೆ. ಸುಟ್ಟರೆ ಕುರಿಗೆ ಹೊಸ ಹುಲ್ಲು ಚಿಗುರುತ್ತದೆ ಅನ್ನುವವರಿದ್ದಾರೆ. ಬೀಡಿ ಎಸೆದು ಹೋಗುವವರಿದ್ದಾರೆ. ಸುಮ್ಮನೆ ಉರಿಯುವುದನ್ನು ನೋಡಲು ಹಚ್ಚುವ ಪೋಲಿಗಳೂ ಇದ್ದಾರೆ. ಅವರೆಲ್ಲ ನಮ್ಮೂರವರೇ, ನಮ್ಮ ಪಕ್ಕದ ಊರವರೇ. ಅವರ ಕೈ ಸೇದಿಹೋಗಲಿ ಅಂತ ನಾನು ಬೀದಿಯಲ್ಲಿ ನಿಂತೇ ಬೈದಿದ್ದೇನೆ, ಇಲ್ಲಿಯೂ ಬೈಯುತ್ತೇನೆ. ಹಿಂದಿನ ಬೇಸಿಗೆ ಸುಟ್ಟ ಜಾಗದಲ್ಲಿ ಒಂದು ಆಮೆಯ ಚಿಪ್ಪು ಸಿಕ್ಕಿತ್ತು, ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನವಿಲು ಹಾರುತ್ತದೆ, ಮೊಲ ಓಡುತ್ತದೆ, ಅದು ಏನು ಮಾಡಬೇಕು?

ಹಚ್ಚುವವರ ಮೇಲಿನ ಸಿಟ್ಟು ಹಳೆಯದು. ಕಾಯುವವರ ಮೇಲೆ ಸಿಟ್ಟು ಹುಟ್ಟಿದ್ದು ಈ ವರ್ಷ, ಹೈಸ್ಕೂಲಿನ ಅಂಗಳದಲ್ಲಿ.

ಮೊಮ್ಮಗಳು ಕೆಲಸಕ್ಕೆ ಸೇರಿದ ಮೇಲೆ ಬಂದ ಮೊದಲನೇ ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ಹೈಸ್ಕೂಲಿನಲ್ಲಿ ಕಾಡು ಉಳಿಸಿ ಅಂತ ಒಂದು ಕಾರ್ಯಕ್ರಮ. ಮಾತಾಡುವುದಕ್ಕೆ ಬಂದವರು ಫಾರೆಸ್ಟರ್, ಅಂದರೆ ನಮ್ಮ ಹುಡುಗಿಗೆ ಮೇಲಿನವರು. ಕೋಲಾರದಲ್ಲಿ ಮನೆ, ಬುಲೆಟ್ ಗಾಡಿಯಲ್ಲಿ ಓಡಾಟ. ಮೊಮ್ಮಗಳು ಗಿಡದ ಕುಂಡ ಹಿಡಿದುಕೊಂಡು ಅವರ ಪಕ್ಕದಲ್ಲಿ ನಿಲ್ಲುತ್ತಾಳೆ ಅಂತ ಗೊತ್ತಾಗಿ ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ.

ಆ ಮನುಷ್ಯ ಎಷ್ಟು ಚೆನ್ನಾಗಿ ಮಾತಾಡಿದರು! ಪೊದೆಯ ಬೇರು ಮಣ್ಣನ್ನು ಹೇಗೆ ಹಿಡಿದುಕೊಳ್ಳುತ್ತದೆ, ಬೆಟ್ಟದಲ್ಲಿ ಇಂಗಿದ ಮಳೆ ಹೇಗೆ ನಮ್ಮ ಬಾವಿಗೆ ಬರುತ್ತದೆ, ಬೆಂಕಿ ಬಿದ್ದರೆ ನೆಲದೊಳಗಿನ ಬೀಜ ಹೇಗೆ ಸಾಯುತ್ತದೆ, ಎಲ್ಲ ಹೇಳಿದರು. ನಕ್ಷತ್ರದ ಆಮೆ ಪ್ರಪಂಚದಲ್ಲಿ ಎಲ್ಲ ಕಡೆ ಇಲ್ಲ, ನಮ್ಮಂಥ ಒಣ ಸೀಮೆಯ ಪೊದೆಗಾಡೇ ಅದಕ್ಕೆ ಮನೆ ಅಂದರು. ಕಾಡಿಗೆ ಬೆಂಕಿ ಹಾಕಿದವನಿಗೆ ಯಾವ ಕಾನೂನಿನಲ್ಲಿ ಏನು ಶಿಕ್ಷೆ ಅಂತ ನಿಲ್ಲಿಸದೆ ಒಪ್ಪಿಸಿದರು. ನನಗೆ ಕಣ್ಣಲ್ಲಿ ನೀರು ಬಂತು. ಇಂಥವರ ಕೈಕೆಳಗೆ ನಮ್ಮ ಹುಡುಗಿ ಬಿದ್ದಿದ್ದಾಳೆ, ಇವಳ ಅದೃಷ್ಟ ಅಂದುಕೊಂಡೆ. ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ ಇರಬೇಕು.

ಕಾರ್ಯಕ್ರಮ ಮುಗಿದು ಅಂಗಳದಲ್ಲಿ ಟೀ ಕೊಟ್ಟರು. ಮುಳಬಾಗಿಲು ಕಡೆಯ ಗುಡ್ಡದ ಮೇಲೆ ಹೊಗೆ ಏಳುತ್ತಿತ್ತು. ಮೊದಲು ಒಂದು ಎಳೆ, ಆಮೇಲೆ ಗುಡ್ಡದ ಹೆಗಲಿನುದ್ದಕ್ಕೂ. ನಾನು ಫಾರೆಸ್ಟರ್ ಹತ್ತಿರ ಓಡಿದೆ.

"ಸಾರ್, ಅಲ್ಲಿ ಬೆಂಕಿ ಬಿದ್ದಿದೆ ನೋಡಿ."

ಬುಲೆಟ್ಟಿಗೆ ಒರಗಿಕೊಂಡು ನಿಂತಿದ್ದ ಅವರು ಲೋಟ ಬಾಯಿಂದ ಇಳಿಸಲಿಲ್ಲ. ಅಂಚಿನ ಮೇಲಿಂದಲೇ ನೋಡಿ ಭುಜ ಕುಣಿಸಿದರು. "ಹೌದಜ್ಜಿ. ಪ್ರತಿ ವರ್ಷ ಇರೋದೇ."

"ಆರಿಸೋಕೆ ಹೋಗಲ್ವಾ?"

"ಅದು ನಮಗೆ ಸೇರಿದ್ದಲ್ಲ, ಆ ಕಡೆಯವರದ್ದು. ಅಲ್ದೆ ಅದರಲ್ಲೇನಿದೆ ಅಜ್ಜಿ? ಬರೀ ಕುರುಚಲು. ಒಂದು ಮಳೆ ಬಿದ್ರೆ ಮತ್ತೆ ಚಿಗುರುತ್ತೆ. ಕಾಡು ಅಂದ್ರೆ ಶಿವಮೊಗ್ಗ, ಕೊಡಗು. ನಾನೂ ಅಲ್ಲಿಗೆ ಹಾಕಿಸ್ಕೊಳ್ಳೋಣ ಅಂತ ಓಡಾಡ್ತಿದೀನಿ. ಈ ಕೋಲಾರದಲ್ಲಿ ಕಾಡೆಲ್ಲಿದೆ ಹೇಳಿ?"

"ಹಂಗಾದ್ರೆ ಈಗ ಮಕ್ಕಳಿಗೆ ಹೇಳಿದ್ದು ಯಾವ ಕಾಡಿನ ವಿಚಾರ ಸಾರ್?"

ಅವರು ನಕ್ಕುಬಿಟ್ಟರು. ನನ್ನ ಮೊಮ್ಮಗಳ ಕಡೆ ತಿರುಗಿ, "ನಿಮ್ಮಜ್ಜಿ ಭಾರಿ ಜೋರು ಕಣಮ್ಮ" ಅಂದರು. ಅವಳು ನನಗೆ ಕಣ್ಣಲ್ಲೇ ಸುಮ್ಮನಿರು ಅಂತ ಸನ್ನೆ ಮಾಡಿದಳು. ಅವಳ ಮುಖ ನೋಡಿಕೊಂಡು ಮನೆ ದಾರಿ ಹಿಡಿದೆ. ಆದರೆ ಮನೆಯವರೆಗೂ ನನ್ನ ಮೈ ಉರಿಯುತ್ತಿತ್ತು. ಗೊತ್ತಿಲ್ಲದವನಾಗಿದ್ದರೆ ಹೋಗಲಿ ಪಾಪ ಅನ್ನಬಹುದಿತ್ತು. ಆ ಮನುಷ್ಯನಿಗೆ ಗೊತ್ತಿತ್ತು! ಬೇರಿನಿಂದ ಆಮೆಯವರೆಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಟೀ ಮುಗಿಸಿದರು. ತಿಳುವಳಿಕೆ ವೇದಿಕೆಯ ಮೇಲೆ, ಕುರುಚಲು ವೇದಿಕೆಯ ಕೆಳಗೆ. ಬಾಯಿಗೆ ಬಂದದ್ದೆಲ್ಲ ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಸೈಕಲ್ಲಿನಲ್ಲಿ ಎದುರು ಬಂದವನೊಬ್ಬ ತನಗೇ ಬೈದೆ ಅಂದುಕೊಂಡು ಪಕ್ಕಕ್ಕೆ ಸರಿದ.

ನಮ್ಮ ಹುಡುಗಿ ಹಾಗಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೆಟ್ಟ ಹತ್ತುತ್ತಿದ್ದಳು. ಇಳಿದು ಬಂದಾಗ ಜೇಬಿನ ತುಂಬ ಎಲೆ, ಕಾಯಿ. "ಅವ್ವಾ, ಇದಕ್ಕೇನಂತಾರೆ? ಅವ್ವಾ, ಕರಡಿ ಎಲಚಿ ಹಣ್ಣು ತಿಂದಿದೆ ಗೊತ್ತಾ, ಲದ್ದಿ ತುಂಬ ಬೀಜ!" ಅನ್ನುತ್ತಿದ್ದಳು. ಲದ್ದಿ ವಿಚಾರ ಕೇಳಿ ಇಷ್ಟು ಸಂತೋಷಪಟ್ಟ ಅಜ್ಜಿ ಈ ಸೀಮೆಯಲ್ಲಿ ಇನ್ನೊಬ್ಬಳಿಲ್ಲ. ಬೆಂಕಿ ಕಾಲ ಬಂತು, ಗೆರೆ ಕಡಿಯಬೇಕು ಅಂತ ಅವಳೇ ಹೇಳುತ್ತಿದ್ದಳು. ಬೆಂಕಿಗೆರೆ ಅಂದರೆ ಬೆಟ್ಟದ ಹೊಟ್ಟೆಗೆ ಸುತ್ತಲೂ ಉಡಿದಾರ ಕಟ್ಟಿದ ಹಾಗೆ ಹುಲ್ಲು ಪೊದೆ ತೆಗೆದು ಬರಿನೆಲ ಮಾಡುವುದು. ಆಚೆಯಿಂದ ಬಂದ ಬೆಂಕಿಗೆ ಅಲ್ಲಿ ತಿನ್ನುವುದಕ್ಕೇನೂ ಸಿಗದೆ ನಿಂತುಹೋಗುತ್ತದೆ. ಆಫೀಸಿನಲ್ಲಿ ಅದಕ್ಕೆ ಫೈರ್ ಲೈನ್ ಅನ್ನುತ್ತಾರೆ. ಹುಲ್ಲು ಪೂರ್ತಿ ಒಣಗುವ ಮೊದಲೇ ಆಗಬೇಕಾದ ಕೆಲಸ.

ದಿನಗಳು ಹೋದವು, ಗೆರೆ ಆಗಲಿಲ್ಲ. ಅವಳು ಎಲೆ ತರುವುದು ನಿಲ್ಲಿಸಿದಳು. ಇದನ್ನು ನಾನು ಗಮನಿಸಿದೆ, ಆದರೆ ಏನೋ ಆಯಾಸ ಅಂದುಕೊಂಡೆ.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಮುದ್ದೆ, ಅವರೆಕಾಳಿನ ಸಾರು. ನನ್ನ ಮಗ, "ಪಕ್ಕದೂರಿನ ಬೆಟ್ಟ ಪೂರ್ತಿ ಸುಟ್ಟೋಯ್ತಂತಲ್ಲಮ್ಮ" ಅಂತ ಮಗಳನ್ನು ಕೇಳಿದ.

"ಹೂಂ. ಅದು ಪ್ರತಿ ವರ್ಷ ಇರೋದೇ ಬಿಡಪ್ಪಾ" ಅಂದಳು ನನ್ನ ಮೊಮ್ಮಗಳು. ಅಂದು, ಇನ್ನೊಂದು ಮುದ್ದೆಗೆ ಕೈ ಚಾಚಿದಳು.

ನನ್ನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಅದೇ ಮಾತು, ಅದೇ ರಾಗ, ಅದೇ ಭುಜ ಕುಣಿಸುವಿಕೆ ಕೂಡ! ಹೈಸ್ಕೂಲಿನ ಅಂಗಳದಲ್ಲಿ ಬುಲೆಟ್ಟಿಗೆ ಒರಗಿಕೊಂಡು ನಿಂತಿದ್ದ ಆ ಮನುಷ್ಯ ನಮ್ಮ ಅಡುಗೆಮನೆಯೊಳಗೆ ಬಂದು ಕೂತುಬಿಟ್ಟ ಹಾಗಾಯಿತು.

"ಏನಂದೆ? ಇನ್ನೊಂದು ಸಲ ಅನ್ನು."

"ಏನವ್ವಾ?"

"ಅನ್ನೇ! ಅಂದ ಬಾಯಿಗೆ ಮುದ್ದೆ ಹೆಂಗೆ ಇಳಿಯುತ್ತೆ ನೋಡ್ತೀನಿ."

"ಅಮ್ಮಾ, ಊಟ ಮಾಡ್ಲಿ ಬಿಡು" ಅಂತ ಮಗ ಅಡ್ಡ ಬಂದ. "ನೀನು ನಿನ್ನ ಫ್ಯಾಕ್ಟರಿ ನೋಡ್ಕೋ" ಅಂದೆ. ಮೊಮ್ಮಗಳು ತಟ್ಟೆ ಸರಿಸಿದಳು. ಅವಳಿಗೂ ಸಿಟ್ಟು ಬಂದಿತ್ತು, ನನ್ನ ಮೇಲೆ.

"ನಾನೊಬ್ಳೇ ಏನ್ ಮಾಡ್ಲಿ ಅವ್ವಾ? ಇರೋದು ನಾನು, ಒಬ್ಬ ವಾಚರ್ರು. ಬೆಟ್ಟ ಎಷ್ಟುದ್ದ ಇದೆ ನೀನೇ ನೋಡಿದೀಯ. ಗೆರೆ ಕಡಿಯೋಕೆ ಜನ ಕೊಡಿ ಅಂದ್ರೆ ಶಿವರಾತ್ರಿ ಆಗ್ಲಿ ಅಂತಾರೆ. ಬೆಂಕಿ ಶಿವರಾತ್ರಿಗೆ ಕಾಯುತ್ತಾ?"

"ಈ ಮಾತು ಅವರಿಗೆ ಹೇಳ್ದ್ಯಾ?"

"ಹೇಳ್ದೆ. ನೀನಿನ್ನೂ ಹೊಸಬಳು, ನಾವೂ ಮೊದ್ಲು ನಿನ್ನ ಥರಾನೇ ಇದ್ವಿ ಅಂದ್ರು."

ಆ ಕೊನೆಯ ಮಾತು ಕೇಳಿ ನನಗೆ ಸಿಟ್ಟಿಗಿಂತ ಹೆದರಿಕೆ ಆಯಿತು. ಅಂದರೆ ಇವರೆಲ್ಲ ಒಂದು ಕಾಲದಲ್ಲಿ ಜೇಬಿನ ತುಂಬ ಎಲೆ ತಂದವರೇ. ಮೊದಲನೇ ಬೇಸಿಗೆಯ ಬೆಂಕಿ ನೋಡಿ ಅತ್ತಿರಬೇಕು. ಎರಡನೆಯದಕ್ಕೆ ಬೈದಿರಬೇಕು. ಆಮೇಲೆ ರೂಢಿಯಾಗಿದೆ. ನಮ್ಮ ಹುಡುಗಿಗೆ ಮೊದಲನೇ ಬೇಸಿಗೆಯೇ ಇನ್ನೂ ಪೂರ್ತಿ ಬಂದಿರಲಿಲ್ಲ, ಆಗಲೇ ರೂಢಿ ಶುರುವಾಗಿತ್ತು. ನಮ್ಮ ಬೆಟ್ಟವೂ ಈ ವರ್ಷ ಅವಳ ಕಣ್ಣೆದುರಿಗೇ ಸುಟ್ಟುಹೋದರೆ ಇವಳೂ ಅವರಲ್ಲಿ ಒಬ್ಬಳಾಗುತ್ತಾಳೆ, ಟೀ ಲೋಟದ ಅಂಚಿನಿಂದ ಹೊಗೆ ನೋಡುತ್ತಾಳೆ. ಅದಕ್ಕೇನಾ ನಾನು ಬೀದಿ ತುಂಬ ಮೆರೆಸಿದ್ದು?

ಬೆಳಗಾದ ತಕ್ಷಣ ಮನೆಮನೆಗೆ ಹೋದೆ. ಕಾಡು ಉಳಿಸಿ ಅಂತ ಯಾರಿಗೂ ಹೇಳಲಿಲ್ಲ, ಆ ಮಾತು ಕೇಳಿದರೆ ನನಗೇ ಹೊಟ್ಟೆ ಉರಿಯುತ್ತಿತ್ತು. ಮಾವು ಹೂ ಬಿಟ್ಟಿದೆ, ಬೆಂಕಿ ತೋಪಿಗೆ ಇಳಿದರೆ ಹೂವೆಲ್ಲ ಕಮರಿಹೋಗುತ್ತದೆ, ಆಮೇಲೆ ಕಾಯಿ ಕೀಳುವ ಕೆಲಸವೂ ಇಲ್ಲ, ಉಪ್ಪಿನಕಾಯಿಯೂ ಇಲ್ಲ ಅಂದೆ. ತೋಪಿನ ಕೆಲಸಕ್ಕೆ ಹೋಗುವ ಹೆಂಗಸರು ಒಪ್ಪಿದರು. ಓರಗಿತ್ತಿ ಮಾತ್ರ, "ಗೌರ್ಮೆಂಟ್ ಕೆಲಸ ನಾವ್ಯಾಕೆ ಮಾಡ್ಬೇಕಕ್ಕಾ? ಸಂಬಳ ನಿನ್ನ ಮೊಮ್ಮಗಳಿಗೆ, ಬೆವರು ನಮಗಾ?" ಅಂದಳು. "ಬೆಂಕಿ ಬಂದಾಗ ನಿನ್ನ ಕೊಟ್ಟಿಗೆ ಸೂರಿಗೆ ಇದೇ ಮಾತು ಹೇಳು, ಉರೀದೆ ಸುಮ್ಮನಿರುತ್ತೆ" ಅಂದೆ. ಗೊಣಗುತ್ತಾ ಕುಡುಗೋಲು ತೆಗೆದಳು.

ಮೊಮ್ಮಗಳು ಫಾರೆಸ್ಟರಿಗೆ ಫೋನು ಮಾಡಿ ಕೇಳಿದಳು. ಊರವರೇ ಮಾಡ್ತಾರೆ ಅಂದ್ರೆ ಮಾಡಿಸಮ್ಮ, ನನ್ನ ಹತ್ರ ಜನ ಕೇಳ್ಬೇಡ ಅಂದರಂತೆ. ಅವಳ ಮುಖದಲ್ಲಿ ನಗು ಬಂದಿರಲಿಲ್ಲ, ನನ್ನ ಮೇಲಿನ ಮುನಿಸು ಹೋಗಿರಲಿಲ್ಲ. ಆದರೆ ನಮಗಿಂತ ಮುಂದೆ ಬೆಟ್ಟ ಹತ್ತಿದಳು.

ಕೆಲವು ದಿನ ಹಾಗೇ ನಡೆಯಿತು. ತೋಪಿನ ಮೇಲುಗಡೆಯಿಂದ ಹಿಡಿದು ಬೆಟ್ಟದ ನಮ್ಮ ಮಗ್ಗುಲನ್ನು ಸುತ್ತುವ ಹಾಗೆ, ಎರಡು ಗಾಡಿ ಜೊತೆಯಲ್ಲಿ ಹೋಗುವಷ್ಟು ಅಗಲಕ್ಕೆ ಹುಲ್ಲು ಕೊಯ್ದೆವು. ಬಂಡೆ ಸಿಕ್ಕಿದ ಕಡೆ ಗೆರೆಯನ್ನು ಬಂಡೆಗೆ ಜೋಡಿಸಿದೆವು. ಅಂಗೈ ಬೊಬ್ಬೆ ಬಂತು, ಬಾಯಿ ಮಾತ್ರ ನಿಲ್ಲಲಿಲ್ಲ. ಯಾರ ಸೊಸೆ ಏನಂದಳು, ಯಾರ ಮದುವೆಯಲ್ಲಿ ಸಾರು ಸಪ್ಪಗಿತ್ತು, ಎಲ್ಲ ಆ ಗೆರೆಯ ಮೇಲೆಯೇ ಇತ್ಯರ್ಥವಾಯಿತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ನಮ್ಮ ಮುಂದೆ ಖಾಕಿ ಹಾಕಿಕೊಂಡು ಪೊದೆ ಕಡಿಯುತ್ತಾ ಹೋಗುತ್ತಿರುವವಳು ನನ್ನ ಮೊಮ್ಮಗಳು!

ಆಮೇಲೆ ಅವಳು ಹಿಂದಕ್ಕೆ ತಿರುಗಿ ನೋಡಿದಳು. ನೋಡಿ ತಲೆ ಮೇಲೆ ಕೈ ಹೊತ್ತಳು.

"ಅವ್ವಾ! ಏನಿದು?"

ಏನೂ ಇಲ್ಲ, ಹುಲ್ಲಿನ ಹೊರೆಗಳು. ಕೊಯ್ದ ಬಾದೆ ಹುಲ್ಲನ್ನು ನಾವು ಹೆಂಗಸರು ಚೆನ್ನಾಗಿ ಕಟ್ಟಿ ಗೆರೆಯ ನಡುವೆ ಸಾಲಾಗಿ ಒರಗಿಸಿಟ್ಟಿದ್ದೆವು. ಎದೆಮಟ್ಟದ ಹುಲ್ಲು, ಕೊಟ್ಟಿಗೆ ಹೊದಿಸುವುದಕ್ಕೆ ಹೇಳಿ ಮಾಡಿಸಿದ್ದು. ಅದನ್ನು ಯಾರಾದರೂ ಬಿಸಾಡುತ್ತಾರಾ? ಬೇರೆ ದಿನ ಬೆಟ್ಟದ ಹುಲ್ಲಿಗೆ ಕೈ ಹಾಕಿದರೆ ಕಳ್ಳರು ಅನ್ನುತ್ತಾರೆ, ಇವತ್ತು ಕರೆದು ಕೊಯ್ಯಿಸಿದ್ದಾರೆ. ಬಿಡುವಾದಾಗ ಹೊತ್ತುಕೊಂಡು ಹೋಗೋಣ ಅಂತ ಇಟ್ಟಿದ್ದೆವು.

"ಬೆಂಕಿ ನಿಲ್ಲಿಸೋಕೆ ಗೆರೆ ಮಾಡಿ, ಅದರ ಮೇಲೆ ದೀಪದ ಬತ್ತಿ ಹೊಸೆದಿಟ್ಟ ಹಂಗಿದೆಯಲ್ಲೇ ಅವ್ವಾ! ಒಂದು ಕಿಡಿ ಬಿದ್ರೆ ಇದರ ಮೇಲೇ ನಡ್ಕೊಂಡು ಈ ಕಡೆಗೆ ಬರುತ್ತೆ. ಎಲ್ಲ ಇವತ್ತೇ ಇಳೀಬೇಕು. ಇಲ್ಲಾಂದ್ರೆ ನಾನೇ ಗುಡ್ಡೆ ಹಾಕಿ ಸುಡ್ತೀನಿ."

"ಸುಡ್ತೀಯಾ? ಹುಲ್ಲು ಸುಡ್ತೀಯಾ?" ಓರಗಿತ್ತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ದನ ಸಾಕಿದ ಮನೇಲಿ ಹುಟ್ಟಿದವಳೇನೇ ನೀನು?"

"ಚಿಕ್ಕವ್ವಾ, ಕೈ ಮುಗೀತೀನಿ, ಇಳಿಸಿ."

ಮೊಮ್ಮಗಳು ನಮ್ಮ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ನನಗೂ ರೇಗಿತು, ಅಷ್ಟು ಜನರ ಮುಂದೆ ಅಜ್ಜಿಗೆ ಹೀಗನ್ನುವುದಾ ಅಂತ. ಆದರೆ ಅವಳು ಹೇಳಿದ್ದು ಸರಿ ಅಂತ ಹುಲ್ಲು ಮುಟ್ಟಿದರೆ ಗೊತ್ತಾಗುತ್ತಿತ್ತು, ಹಪ್ಪಳದ ಹಾಗೆ ಮುರಿಯುತ್ತಿತ್ತು. ಗೊಣಗಿಕೊಂಡು, ಬೈದುಕೊಂಡು, ಹೊತ್ತು ಮುಳುಗುವುದರೊಳಗೆ ಹೊರೆಗಳನ್ನೆಲ್ಲ ತಲೆಯ ಮೇಲೆ ಹೊತ್ತು ಕೆಳಕ್ಕೆ ಇಳಿಸಿದೆವು. ಎಲ್ಲವನ್ನೂ ಇಳಿಸಿದೆವು ಅಂತಲೇ ನಾನು ನಂಬಿದ್ದೆ.

ಉಳಿದ ಕಸ, ಮೋಟು ಹುಲ್ಲನ್ನು ಗೆರೆಯೊಳಗೇ ಸುಟ್ಟು ನೆಲ ಬರಿದು ಮಾಡಬೇಕಿತ್ತು. ಅದಕ್ಕೆ ಇಬ್ಬನಿ ಇರುವಾಗಲೇ, ಗಾಳಿ ಏಳುವ ಮೊದಲು, ಸ್ವಲ್ಪ ಸ್ವಲ್ಪವೇ ಹಚ್ಚಬೇಕು. ಹಾಗೆ ಹಚ್ಚುವ ದಿನ ಬೆಳಿಗ್ಗೆ ವಾಚರ್ ಬಂದ. ಅಷ್ಟು ದಿನ ತಲೆ ಹಾಕದವನು, ಟವಲ್ ಸುತ್ತಿಕೊಂಡು ಬಂಡೆಯ ಮೇಲೆ ನಿಂತು ನೋಡಿದ. ಮಾಲೂರು ಕಡೆಯವನು, ಈ ಬೆಟ್ಟಗಳಲ್ಲೇ ತಲೆ ನರೆತವನು.

"ಮೇಡಂ, ಆ ಕಣಿವೆ ಹತ್ರ ಇನ್ನೂ ಅಗಲ ಮಾಡ್ಬೇಕು. ಮಧ್ಯಾಹ್ನದ ಗಾಳಿ ಅಲ್ಲಿ ಮೇಲಕ್ಕೆ ತಿರುಗುತ್ತೆ, ಕಿಡಿ ಹಾರುತ್ತೆ" ಅಂದ.

ಇಷ್ಟು ಗೊತ್ತಿತ್ತು ಈ ಮನುಷ್ಯನಿಗೆ! ನಾನು ಪೊರಕೆ ಹಿಡಿದೇ ಅವನ ಮುಂದೆ ಹೋಗಿ ನಿಂತೆ.

"ಏನಪ್ಪಾ, ಇಷ್ಟು ಗೊತ್ತಿದ್ದವನು ಇಷ್ಟು ದಿನ ಎಲ್ಲಿ ಮಲಗಿದ್ದೆ?"

"ಏನ್ ಮಾಡೋದಕ್ಕಾ. ಹುಡುಗ ಆಗಿದ್ದಾಗ ಒಬ್ಬನೇ ಸೊಪ್ಪು ಹಿಡ್ಕೊಂಡು ಬೆಟ್ಟ ಪೂರ್ತಿ ಆರಿಸಿದೀನಿ. ಕಾಲು ಸುಟ್ಕೊಂಡು ಮನೇಲಿ ಮಲಗಿದ್ರೆ ಯಾಕೆ ಡ್ಯೂಟಿಗೆ ಬಂದಿಲ್ಲ ಅಂತ ಕೇಳೋಕೆ ಬಂದ್ರು. ಆಮೇಲೆ ನಾನ್ಯಾಕೆ ಓಡ್ಲಿ ಅನ್ನಿಸ್ತು."

ಅವನ ಮಾತು ಕೇಳಿ ಪಾಪ ಅನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ನಿನಗೆ ಅನ್ಯಾಯ ಮಾಡಿದವರು ಆಫೀಸಿನಲ್ಲಿದ್ದರು, ಸುಟ್ಟುಹೋದದ್ದು ಮಾತ್ರ ಬೆಟ್ಟದ ಆಮೆ ಅನ್ನಬೇಕು ಅಂತಿದ್ದೆ. ಅಷ್ಟರಲ್ಲಿ ಅವನು ಬಂದರೆ ಗಿಡದ ಸೊಪ್ಪು ಮುರಿದುಕೊಂಡು ಕಣಿವೆಗೆ ಇಳಿದಿದ್ದ. ಸೊಪ್ಪು ಹೇಗೆ ಹಿಡಿಯಬೇಕು, ಉರಿಯನ್ನು ಹೊಡೆಯದೆ ಹೇಗೆ ಒತ್ತಬೇಕು ಅಂತ ನನ್ನ ಮೊಮ್ಮಗಳಿಗೆ ತೋರಿಸುತ್ತಿದ್ದ. ನಾನು ಪೊರಕೆ ಹಿಡಿದುಕೊಂಡು ಗೆರೆ ಗುಡಿಸುವುದಕ್ಕೆ ಹೋದೆ.

ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಬೆಂಕಿ ಬಂತು. ನಡುಮಧ್ಯಾಹ್ನ. ಬೆಟ್ಟದ ಆಚೆ ಮಗ್ಗುಲಲ್ಲಿ ಯಾವನೋ ಹಚ್ಚಿದ. ಮೊದಲು ವಾಸನೆ ಬಂತು, ಆಮೇಲೆ ಹದ್ದುಗಳು ಸುತ್ತತೊಡಗಿದವು, ಆಮೇಲೆ ತುದಿಯ ಮೇಲೆ ಹೊಗೆ ಎದ್ದಿತು. ನನ್ನ ವಯಸ್ಸಿಗೆ ಬೆಟ್ಟ ಓಡಿಕೊಂಡು ಹತ್ತಬಾರದು, ಹತ್ತಿದೆ. ಅಷ್ಟು ಹೊತ್ತಿಗೆ ಮೊಮ್ಮಗಳೂ ವಾಚರ್ರೂ ಗೆರೆಯ ಹತ್ತಿರ ಸೊಪ್ಪು ಹಿಡಿದು ನಿಂತಿದ್ದರು. ಹಿಂದೆ ನಾವು ಹೆಂಗಸರು.

ಬೆಂಕಿ ಇಳಿದು ಬರುವ ಸದ್ದನ್ನು ಕೇಳಿದವರಿಗೇ ಗೊತ್ತು. ಒಣ ಎಲೆಯ ಮೇಲೆ ಜೋರು ಮಳೆ ಹೊಡೆದ ಹಾಗಿರುತ್ತದೆ. ತಂಗಡಿ ಪಟಪಟ ಸಿಡಿಯಿತು. ಒಂದು ಮೊಲ ನಮ್ಮ ಕಾಲ ನಡುವೆಯೇ ಓಡಿಹೋಯಿತು. ಉರಿ ಗೆರೆಯವರೆಗೆ ಬಂತು. ಬಂದು ನಿಂತಿತು! ಅತ್ತ ಇತ್ತ ನಾಲಿಗೆ ಚಾಚಿತು, ತಿನ್ನುವುದಕ್ಕೆ ಏನೂ ಸಿಗದೆ ಕುಗ್ಗಿತು. ನಾನು ಅಲ್ಲೇ ಕುಣಿದುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಮುದುಕಿ ಬೆಂಕಿಯ ಮುಂದೆ ಕುಣಿಯುವುದನ್ನು ನೋಡಿ ಹೆಂಗಸರು ಕೇಕೆ ಹಾಕಿದರು.

ಅಷ್ಟರಲ್ಲಿ ದೊಡ್ಡ ಬಂಡೆಯ ಹಿಂದಿನಿಂದ ಭಗ್ಗಂತ ಉರಿ ಎದ್ದಿತು. ನಮ್ಮ ಕಡೆಯ ಉರಿ, ಗೆರೆಯ ಈಚೆಗೆ!

"ಅಯ್ಯೋ, ನನ್ನ ಹುಲ್ಲು!" ಅಂತ ಕೂಗಿದವಳು ಓರಗಿತ್ತಿ.

ಬಂಡೆಯ ಹಿಂದೆ, ಗೆರೆಗೆ ಅಡ್ಡವಾಗಿ, ಅವಳು ಹೊರೆಗಳನ್ನು 'ಆಮೇಲೆ ನಿಧಾನವಾಗಿ ಒಯ್ಯೋಣ' ಅಂತ ಯಾರಿಗೂ ಕಾಣದ ಹಾಗೆ ಬಚ್ಚಿಟ್ಟಿದ್ದಳು. ಬೆಂಕಿ ಅದರ ಮೇಲೇ ನಡೆದುಕೊಂಡು ದಾಟಿತ್ತು, ಹುಡುಗಿ ಹೇಳಿದ ಹಾಗೇ. ಆಗ ನಾನು ಓರಗಿತ್ತಿಗೆ ಏನಂದೆ ಅನ್ನುವುದನ್ನು ಪುಸ್ತಕದಲ್ಲಿ ಬರೆಯಲಾಗುವುದಿಲ್ಲ. ವಾಚರ್ ಮೊದಲು ನುಗ್ಗಿದ, ಅವನ ಹಿಂದೆ ಮೊಮ್ಮಗಳು. ಹಸಿ ಸೊಪ್ಪಿನಲ್ಲಿ ಒತ್ತಿದರು, ಮಣ್ಣು ತೂರಿದರು. ಓರಗಿತ್ತಿಯೂ ಅಳುತ್ತಾ ಸೊಪ್ಪು ಮುರಿದು ಹೊಡೆದಳು. ಕಣದಷ್ಟು ಜಾಗ ಕಪ್ಪಾಯಿತು, ಒಂದೆರಡು ಸೀತಾಫಲದ ಗಿಡ ಹೋಯಿತು. ಅಲ್ಲಿಗೆ ನಿಂತಿತು. ತೋಪಿನ ಹೂವಿಗೆ ಬಿಸಿ ತಾಕಲಿಲ್ಲ. ಬೆಟ್ಟದ ನಮ್ಮ ಮಗ್ಗುಲು ಉಳಿಯಿತು. ಆಚೆ ಮಗ್ಗುಲು, ಗೆರೆ ಇಲ್ಲದ ಕಡೆ, ಪೂರ್ತಿ ಹೋಯಿತು.

ಬಿಸಿಲು ಇಳಿಯುವ ಹೊತ್ತಿಗೆ ಫಾರೆಸ್ಟರ್ ಬಂದರು. ಮಡಿಕೆ ಮುರಿಯದ ಅಂಗಿ. ಮೊಬೈಲಿನಲ್ಲಿ ಗೆರೆಯದೊಂದು ಫೋಟೋ ತೆಗೆದರು, ಹಸಿರು ಉಳಿದ ಕಡೆ ನಿಂತು ತಮ್ಮದೂ ಒಂದು ತೆಗೆಸಿಕೊಂಡರು. ಮಸಿ ಮುಖದ ನನ್ನ ಮೊಮ್ಮಗಳನ್ನು ನೋಡಿ, "ಒಳ್ಳೇ ಕೆಲಸಮ್ಮ. ಆ ಕಡೆ ಹೋಗಿದ್ದಕ್ಕೆ ತಲೆ ಕೆಡಿಸ್ಕೋಬೇಡ, ಅದು ಪ್ರತಿ ವರ್ಷ..." ಅಂತ ಶುರು ಮಾಡಿದರು.

"ಇಲ್ಲ ಸಾರ್" ಅಂತ ಮಧ್ಯದಲ್ಲೇ ತಡೆದಳು.

ಅವರು ಅರ್ಧಕ್ಕೇ ನಿಲ್ಲಿಸಿ ಅವಳನ್ನು ನೋಡಿದರು. ಅವಳು ಸೊಪ್ಪಿನ ಕಂತೆ ಕೆಳಗೆ ಹಾಕಿ, ಆಚೆ ಮಗ್ಗುಲಿಗೆ ಹೊಗೆಯಾಡುತ್ತಿದ್ದ ಮೋಟುಗಳ ಮೇಲೆ ಮಣ್ಣು ಹಾಕುವುದಕ್ಕೆ ಹೊರಟುಹೋದಳು. ವಾಚರ್ ಹಿಂದೆಯೇ ಹೋದ. ಫಾರೆಸ್ಟರ್ ತಮ್ಮ ಬೂಟು ನೋಡಿಕೊಂಡರು, ಆಮೇಲೆ ಅವರೂ ಒಂದಿಷ್ಟು ದೂರ ನಡೆದರು. ನಡೆದರು ಅಂತ ನಾನು ಅವರನ್ನು ಕ್ಷಮಿಸಿಲ್ಲ. ಓರಗಿತ್ತಿಯ ಜೊತೆ ಇನ್ನೂ ಮಾತು ಬಿಟ್ಟಿದ್ದೇನೆ, ಹುಲ್ಲಿನ ಹೊರೆ ನೆನೆಸಿಕೊಂಡರೆ ಈಗಲೂ ರಕ್ತ ಕುದಿಯುತ್ತದೆ.

ಅವತ್ತು ಸಂಜೆ ಮನೆಯಲ್ಲಿ ಮುದ್ದೆ ಮಾಡಿದ್ದೆ, ಅವಳಿಗೆ ಇಷ್ಟ ಅಂತ ಹುರುಳಿಕಾಳಿನ ಬಸ್ಸಾರು. ಮೊಮ್ಮಗಳು ಮುಖ ತೊಳೆದು ಬಂದು ತಟ್ಟೆಯ ಮುಂದೆ ಕೂತಳು. ತುತ್ತು ಮುರಿದು ಕೈಯಲ್ಲೇ ಇಟ್ಟುಕೊಂಡಳು.

"ಅರ್ಧ ಬೆಟ್ಟ ಹೋಯ್ತಲ್ಲವ್ವಾ. ಜನವರಿಯಲ್ಲೇ ಆ ಕಡೆಗೂ ಜನ ಕೊಟ್ಟಿದ್ರೆ ಉಳೀತಿತ್ತು. ನಾನು ಕೇಳ್ದೆ, ಅಷ್ಟು ಸಲ ಕೇಳ್ದೆ! ಇವರಿಗೆಲ್ಲ ಏನು ಧಾಡಿ? ನಾಳೆ ರೇಂಜ್ ಆಫೀಸಿಗೇ ಹೋಗ್ತೀನಿ. ಬರೋ ವರ್ಷ ಶಿವರಾತ್ರಿ ಅನ್ನಲಿ, ನೋಡ್ಕೋತೀನಿ. ಆಮೇಲೆ ಆ ಚಿಕ್ಕವ್ವ, ಎಷ್ಟು ಹೇಳಿದ್ರೂ..."

"ಊಟ ಮಾಡಮ್ಮ ಮೊದ್ಲು" ಅಂದ ನನ್ನ ಮಗ.

"ನನಗೆ ಬೇಡ ಅಪ್ಪಾ!" ಅಂತ ಕೂಗಿ, ತಟ್ಟೆ ತಳ್ಳಿ, ಮತ್ತೆ ಬೈಯುವುದಕ್ಕೆ ಶುರು ಮಾಡಿದಳು. ಕಣ್ಣು ಕೆಂಪಗಿತ್ತು, ಹೊಗೆಗೋ ಸಿಟ್ಟಿಗೋ ಗೊತ್ತಿಲ್ಲ. ಬೈಗುಳದಲ್ಲಿ ನನ್ನದೇ ಮಾತುಗಳು ಎಷ್ಟೋ ಇದ್ದವು.

ಮಗ ನನ್ನ ಕಡೆ ನೋಡಿದ, ನೀನಾದರೂ ಸಮಾಧಾನ ಮಾಡು ಅನ್ನುವ ಹಾಗೆ. ನಾನು ಯಾಕೆ ಸಮಾಧಾನ ಮಾಡಲಿ? ಬೈಯಲಿ ಅಂತ ಸುಮ್ಮನೆ ಕೇಳುತ್ತಾ ಕೂತೆ. ಅವಳ ತಟ್ಟೆಯ ಮುದ್ದೆ ಆರಿಹೋಯಿತು. ನಾನು ನನ್ನದನ್ನು ಮುಗಿಸಿ, ಇನ್ನೊಂದು ಹಾಕಿಕೊಂಡೆ.